ಟಾಟಾ ಸಿಲ್ಕ್ ಫಾರ್ಮ್ ಮತ್ತು ಆಕಾಶದ ಕೊಡೆ

ಬಸವನಗುಡಿಯ ದಕ್ಷಿಣದ ಅಂಚಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಜಾಗವಿದೆ. ಫಾರ್ಮ್ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆಮ್‌ಷೆಟ್‌ಜಿ ಟಾಟಾ ಇಲ್ಲಿ ಹಿಪ್ಪುನೇರಳೆ ಬೆಳೆಸಿ, ಜಪಾನಿನಿಂದ ಪರಿಣತರನ್ನು ಕರೆಸಿ, ಮೈಸೂರು ಸೀಮೆಯವರಿಗೆ ಹೊಸ ರೀತಿಯ ರೇಷ್ಮೆ ಕೃಷಿ ಕಲಿಸಲು ಹೊರಟಿದ್ದರು. ಈ ಹೆಸರು ಕೇಳಿದರೆ ಎಲ್ಲರಿಗೂ ಸೀರೆ ನೆನಪಾದೀತು. ನನಗೆ ಪ್ಯಾರಾಚೂಟ್ ನೆನಪಾಗುತ್ತದೆ.

ಸಿನಿಮಾದಲ್ಲಿ ನಾಯಕ ವಿಮಾನದಿಂದ ಹಾರಿ, ಒಂದಷ್ಟು ಹೊತ್ತು ತೇಲಿ, ಆಮೇಲೆ ದಾರ ಎಳೆಯುತ್ತಾನೆ. ಯುದ್ಧಕ್ಕಿಳಿಯುವ ದಂಡು ಹಾಗೆ ಹಾರುವುದು ಅಪರೂಪ. ಪ್ರತಿಯೊಬ್ಬನ ಬೆನ್ನಿನ ಚೀಲದಿಂದ ಒಂದು ಗಟ್ಟಿ ಪಟ್ಟಿ ಹೊರಟು, ವಿಮಾನದೊಳಗೆ ಉದ್ದಕ್ಕೂ ಬಿಗಿದ ತಂತಿಗೆ ಕೊಕ್ಕೆಯಿಂದ ಸಿಕ್ಕಿಕೊಂಡಿರುತ್ತದೆ. ಇದೇ ಸ್ಟ್ಯಾಟಿಕ್ ಲೈನ್. ಅವನು ಬಾಗಿಲು ದಾಟಿ ಬೀಳುತ್ತಿದ್ದಂತೆ ಪಟ್ಟಿ ಬಿಗಿಯಾಗಿ ಚೀಲವನ್ನು ಬಿಚ್ಚುತ್ತದೆ. ಕೊನೆಯಲ್ಲಿ ಕಟ್ಟಿದ್ದ ಒಂದು ದಾರ ಪಟ್ಟನೆ ಕಡಿದು ಕೊಡೆ ಅರಳುತ್ತದೆ. ಅವನು ಏನನ್ನೂ ಎಳೆಯಬೇಕಿಲ್ಲ. ಎಳೆದು ಉಳಿಯುವ ಅವಕಾಶವೂ ಇರಲಿಲ್ಲ ಅನ್ನಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಎದೆಯ ಮೇಲೆ ಇನ್ನೊಂದು ಪ್ಯಾರಾಚೂಟ್ ಕಟ್ಟಿಕೊಳ್ಳುತ್ತಿದ್ದರು. ಬ್ರಿಟಿಷರ ಪದ್ಧತಿಯಲ್ಲಿ ಅದು ಇರಲಿಲ್ಲ. ಅವರ ಕೈಕೆಳಗಿನ ನಮ್ಮವರಿಗೂ ಇರಲಿಲ್ಲ. 28 ಅಡಿ ವ್ಯಾಸದ ಒಂದೇ ಬಟ್ಟೆ, 28 ಹಗ್ಗ, ಮುಗಿಯಿತು. ಇದರ ಮೇಲೆ ಕಾಲಿಗೆ ಕಟ್ಟಿಕೊಂಡ ಸಾಮಾನಿನ ಚೀಲ ಬೇರೆ: ಬಂದೂಕು, ಮದ್ದುಗುಂಡು, ಬುತ್ತಿ. ಅದನ್ನು ಸುಮಾರು 20 ಅಡಿ ಹಗ್ಗದಲ್ಲಿ ಕೆಳಗೆ ಇಳಿಬಿಟ್ಟರೆ ಅದು ಮೊದಲು ನೆಲ ಮುಟ್ಟುತ್ತದೆ. ಇಳಿಬಿಡದಿದ್ದರೆ ಕಾಲು ಮುರಿಯುತ್ತದೆ.

1941ರ ಅಕ್ಟೋಬರ್‌ನಲ್ಲಿ ಕರಾಚಿಯಲ್ಲಿ ಸೇನಾ ವೈದ್ಯ ಲೆಫ್ಟಿನೆಂಟ್ ಎ.ಜಿ. ರಂಗರಾಜ್ ಮತ್ತು ಹವಿಲ್ದಾರ್ ಮೇಜರ್ ಮಥುರಾ ಸಿಂಗ್ ಹಾರಿದರು. ನಮ್ಮ ಪ್ಯಾರಾ ಪಡೆಯ ಮೊದಲ ಭಾರತೀಯರು ಅವರು. ರಂಗರಾಜ್ ಹತ್ತು ವರ್ಷದ ಮೇಲೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಮುನ್ನಡೆಸಿ ಮಹಾವೀರ ಚಕ್ರ ಪಡೆದರು.

ಆ ಒಂದೇ ಬಟ್ಟೆಗೆ ರೇಷ್ಮೆಯೇ ಯಾಕೆ? ಹಗುರ, ತೆಳ್ಳಗೆ ಮಡಚಬಹುದು, ಏಟು ಬಿದ್ದಾಗ ಹರಿಯದೆ ಹಿಗ್ಗುತ್ತದೆ. ಆದರೆ ಜಗತ್ತಿನ ಹೆಚ್ಚಿನ ರೇಷ್ಮೆ ಬರುತ್ತಿದ್ದುದು ಜಪಾನಿನಿಂದ. 1941ರಲ್ಲಿ ಆ ಬಾಗಿಲು ಮುಚ್ಚಿತು. ಅಮೆರಿಕ ನೈಲಾನಿಗೆ ತಿರುಗಿತು. ಭಾರತ ಸರ್ಕಾರ ಕಾಶ್ಮೀರ, ಬಂಗಾಳ, ಮೈಸೂರುಗಳತ್ತ ನೋಡಿತು. ಅದೇ ವರ್ಷ ಕಾನ್ಪುರದಲ್ಲಿ ಪ್ಯಾರಾಚೂಟ್ ಕಾರ್ಖಾನೆಯೂ ಶುರುವಾಯಿತು.

ಇಲ್ಲೊಂದು ತೊಡಕಿತ್ತು. ನಮ್ಮ ಹಳ್ಳಿಗಳಲ್ಲಿ ಚರಕದ ಮೇಲೆ ಬಿಚ್ಚಿದ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಸೀರೆಯಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು, ಮಗ್ಗದವನ ಕೈಚಳಕ ಮುಚ್ಚಿಬಿಡಬಹುದು. ಪ್ಯಾರಾಚೂಟಿನಲ್ಲಿ ಸಣ್ಣ ಎಳೆಯೆಂದರೆ ಹರಿಯುವ ಜಾಗ. ಹಾಗಾಗಿ ಒಂದೇ ಸಮ ನೂಲು ತೆಗೆಯುವ ಫಿಲೇಚರುಗಳಿಗೆ ಮೈಸೂರು ಸಂಸ್ಥಾನದಲ್ಲಿ ಬೆಲೆ ಬಂತು, ಗೂಡಿನ ದರವೂ ಏರಿತು. ಜಪಾನಿನವರಿಂದ ರೇಷ್ಮೆ ಪಾಠ ಕಲಿಯಲು ಹೊರಟಿದ್ದ ನಾಡು ಈಗ ಜಪಾನಿನ ವಿರುದ್ಧದ ಯುದ್ಧಕ್ಕೆ ರೇಷ್ಮೆ ಕೊಡುತ್ತಿತ್ತು. 1945ರ ಮೇ 1ರಂದು ರಂಗೂನಿನ ಬಳಿ ಗೂರ್ಖಾ ಪ್ಯಾರಾ ಸೈನಿಕರು ಇಳಿದದ್ದು ಜಪಾನೀ ಪಡೆಗಳ ವಿರುದ್ಧವೇ.

ರೇಷ್ಮೆ ಸಾಲದಾದಾಗ ಜನರಲ್ ಸ್ಲಿಮ್ ಕಲ್ಕತ್ತೆಯ ಸೆಣಬಿನ ಗಿರಣಿಗಳಿಗೆ ಮೊರೆಹೋದ ಕತೆ ಸ್ವಾರಸ್ಯದ್ದು. 20 ಪೌಂಡಿಗೂ ಮಿಕ್ಕಿದ ಪ್ಯಾರಾಚೂಟಿನ ಬದಲು ಒಂದು ಪೌಂಡಿನ ಆಸುಪಾಸಿನಲ್ಲಿ ಗೋಣಿಯ ಪ್ಯಾರಾಚೂಟ್! ಅಕ್ಕಿ, ಮದ್ದುಗುಂಡು ಇಳಿಸಲು ಅದು ಸಾಕಾಯಿತು. ಮನುಷ್ಯರನ್ನು ಮಾತ್ರ ಅದಕ್ಕೆ ಕಟ್ಟಲಿಲ್ಲ.

ಯುದ್ಧ ಮುಗಿದದ್ದೇ ಬೇಡಿಕೆ ಬಿತ್ತು. ನೈಲಾನ್ ಗೆದ್ದಿತ್ತು, ಹೊರದೇಶದ ಅಗ್ಗದ ರೇಷ್ಮೆ ಮತ್ತೆ ಬರತೊಡಗಿತ್ತು. ಯುದ್ಧದ ದರ ನಂಬಿ ಹಿಪ್ಪುನೇರಳೆ ಹಾಕಿದ ರೈತನಿಗೆ ಯಾವ ಪದಕವೂ ಬರಲಿಲ್ಲ. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂತು. ಬೆಂಗಳೂರಿನವರಿಗೆ ಅದು ಗೊತ್ತಿರುವುದು ಟ್ರಾಫಿಕ್ ಜಾಮಿನ ಹೆಸರಾಗಿ.

ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ. ಇಲ್ಲಿ ಕಲಿತ ಹುಡುಗರು ಹಾರಲು ಆಗ್ರಾಕ್ಕೆ ಹೋಗುತ್ತಾರೆ. ಐದು ಸಲ ಹಾರಿದ ಮೇಲೆ ಎದೆಗೆ ರೆಕ್ಕೆಯ ಬಿಲ್ಲೆ. ಅವರ ಬೆನ್ನಿನ ಮೇಲಿರುವುದು ನೈಲಾನ್. ಎದೆಯ ಮೇಲೆ ಈಗ ಎರಡನೆಯ ಪ್ಯಾರಾಚೂಟೂ ಇದೆ.