ಅಕ್ಕಡಿ ಸಾಲಿಂದ ತಾರಸಿ ಬಕೆಟ್ಟಿಗೆ

ಮಹಡಿ ಮೇಲೆ ಬಕೆಟ್ಟು, ಗ್ರೋ ಬ್ಯಾಗು ಇಟ್ಕೊಂಡು ತರಕಾರಿ ಬೆಳೆಯೋದು ಈಗಿನವರ ಶೋಕಿ ಅಂತ ನಮ್ಮ ಬೀದೀಲಿ ಸುಮಾರು ಜನ ಅಂದ್ಕೊಂಡಿದಾರೆ. ಅಲ್ಲ ಕಣ್ರೀ. ಇದು ನಮ್ಮ ಅಜ್ಜಿಯರ ಕೆಲಸವೇ, ಜಾಗ ಮಾತ್ರ ಬದಲಾಗಿದೆ. ಹೊಲದಿಂದ ತಾರಸಿವರೆಗೂ ಅದು ಹೆಂಗೆ ಹತ್ತಿ ಬಂತು ಅನ್ನೋದನ್ನ ನಮ್ಮ ಕೋಗಿಲು, ಯಲಹಂಕದ ಕಡೆಯಿಂದ ನೋಡೋಣ.

ಮೊದಲು ಹೊಲ. ಈ ಸೀಮೆಯ ರಾಗಿ ಹೊಲದಲ್ಲಿ ಬರೀ ರಾಗಿ ಇರ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ರಾಗಿ ಕಣಕ್ಕೆ, ಅಕ್ಕಡಿ ಅಡುಗೆಮನೆಗೆ. ಕಳೆ ಕೀಳೋಕೆ ಹೋದ ಹೆಂಗಸರು ಮಡಿಲು ತುಂಬ ಬೆರಕೆ ಸೊಪ್ಪು ತರೋರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಯಾರೂ ಬಿತ್ತಿದ್ದಲ್ಲ, ಆದ್ರೆ ಯಾವುದು ತಿನ್ನೋದು, ಯಾವುದು ಬಿಡೋದು ಅಂತ ಗೊತ್ತಿರಬೇಕಿತ್ತು. ಸಾಯಂಕಾಲ ಅದೇ ಬಸ್ಸಾರು, ಅದೇ ಮಸ್ಸೊಪ್ಪು.

ಆಮೇಲೆ ಹಿತ್ತಲು. ಬಚ್ಚಲ ನೀರು ಹರಿಯೋ ಕಡೆ ಚಪ್ಪರ, ಅದರ ಮೇಲೆ ಹೀರೆ, ಪಡವಲ. ತಿಪ್ಪೆ ಪಕ್ಕ ಕುಂಬಳ. ಪಾತ್ರೆ ತೊಳೆದ ನೀರೂ ದಂಡ ಆಗ್ತಿರಲಿಲ್ಲ. ಬಿತ್ತನೆಗೆ ಅಂಗಡಿಗೆ ಹೋದೋರಿಲ್ಲ. ಚೆನ್ನಾಗಿರೋ ಒಂದು ಹೀರೆಕಾಯನ್ನ ಬಳ್ಳೀಲೇ ಒಣಗೋಕೆ ಬಿಟ್ಟು, ಬೀಜ ಬೂದಿ ಬೆರೆಸಿ ಇಡೋರು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಹೇಳ್ತೀವಿ. ಆದ್ರೆ ಮನೆ ನಡೆದಿದ್ದೇ ಆ ಹಿತ್ತಲಿಂದ.

1809ರಲ್ಲಿ ಇಂಗ್ಲಿಷರು ದಂಡು ಪ್ರದೇಶ ಕಟ್ಟಿದ ಮೇಲೆ ಅವರ ಊಟದ ತರಕಾರಿಗೆ ಬೆಂಗಳೂರಲ್ಲಿ ಗಿರಾಕಿ ಬಂತು. ಎಲೆಕೋಸು, ಹೂಕೋಸು, ಗಜ್ಜರಿ ಎಲ್ಲ ಸುತ್ತಲಿನ ತೋಟಕ್ಕಿಳಿದ್ವು. 1874ರಲ್ಲಿ ಲಾಲ್‌ಬಾಗ್‌ಗೆ ಬಂದ ಜಾನ್ ಕ್ಯಾಮರಾನ್ ಪರದೇಶದ ಗಿಡ ತರಿಸಿ ಹಬ್ಬಿಸಿದ್ರು. ನಮ್ಮ ಸೀಮೆ ಬದನೆಕಾಯಿ ಮೂಲದಲ್ಲಿ ಮೆಕ್ಸಿಕೋ ಕಡೇದು. ಈಗ ತಮಿಳರು ಅದನ್ನ ಬೆಂಗಳೂರು ಬದನೆ ಅಂತಾರೆ! ಹೆಸರಲ್ಲಿ 'ಸೀಮೆ' ಇದ್ರೆ ಹೊರಗಿಂದ ಬಂದಿದ್ದು ಅಂತ ಗುರುತು.

ಹಳ್ಳಿ ಬಿಟ್ಟು ಪೇಟೆ ವಠಾರಕ್ಕೆ ಬಂದವರಿಗೆ ಹಿತ್ತಲೇ ಇರ್ಲಿಲ್ಲ. ಆದ್ರೂ ಕೈ ಸುಮ್ನಿರಬೇಕಲ್ಲ. 1937ರಿಂದ ಬರೋಕೆ ಶುರುವಾದ ಡಾಲ್ಡಾ, ಅದರ ಖಾಲಿ ಡಬ್ಬ, ಒಡೆದ ಬಿಂದಿಗೆ, ಎಣ್ಣೆ ಟಿನ್ನು, ಎಲ್ಲಕ್ಕೂ ತಳದಲ್ಲಿ ಮೊಳೆಯಿಂದ ತೂತು ಹೊಡೆದು ದೊಡ್ಡಪತ್ರೆ, ಪುದೀನ, ಮೆಣಸಿನ ಗಿಡ ಇಟ್ರು. ಇವತ್ತಿನ ಕುಂಡದ ಕೃಷಿಗೆ ಅಜ್ಜಿ ಯಾರು ಅಂದ್ರೆ ಆ ಡಬ್ಬಾನೇ.

ವಿದ್ಯೆ ಕೂಡ ನಮ್ಮ ಬಾಗಿಲಲ್ಲೇ ಇತ್ತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಯ್ತು, ನಾವೆಲ್ಲ ಜಿಕೆವಿಕೆ ಅನ್ನೋ ಜಾಗ. 1967ರಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಂತು, ಅದು ಹೆಸರಘಟ್ಟದಲ್ಲಿದೆ. 'ಅರ್ಕಾ' ಹೆಸರಿನ ತಳಿಗಳು ಅಲ್ಲೀವು. ಕುಯ್ದಷ್ಟೂ ಚಿಗುರೋ ಅರ್ಕಾ ಸುಗುಣ ದಂಟು ಬಕೆಟ್ಟಿಗೆ ಹೇಳಿ ಮಾಡಿಸಿದ್ದು.

ಅಷ್ಟರಲ್ಲಿ ಹೊಲವೇ ಹೋಯ್ತು. 2007ರಲ್ಲಿ ಯಲಹಂಕ ನಗರಸಭೆ ಬಿಬಿಎಂಪಿಗೆ ಸೇರ್ತು, 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾಯ್ತು. ಬಳ್ಳಾರಿ ರಸ್ತೆ ಆಚೀಚೆ ದ್ರಾಕ್ಷಿ ತೋಟ, ರಾಗಿ ಹೊಲ ಎಷ್ಟೋ ಲೇಔಟ್ ಆದ್ವು. ಮೂವತ್ತು ನಲವತ್ತು ಸೈಟಿನಲ್ಲಿ ಮನೆ ಕಟ್ಟಿದ್ರೆ ಹಿತ್ತಲಿಗೆ ಎಲ್ಲಿ ಜಾಗ? ಉಳಿದಿದ್ದು ತಲೆ ಮೇಲಿನ ತಾರಸಿ ಮಾತ್ರ.

ಇನ್ನೊಂದು ಪಾಠ ಮಾವಳ್ಳಿಪುರದಿಂದ ಬಂತು. ಊರಿನ ಕಸ ವರ್ಷಗಟ್ಟಲೆ ಆ ಹಳ್ಳಿಗೆ ಹೋಗಿ ಬೀಳ್ತಿತ್ತು, ಅಲ್ಲಿನ ಜನ ವಾಸನೆ ಕುಡೀತಿದ್ರು, ಕೆಟ್ಟ ನೀರೂ ಕುಡೀತಿದ್ರು. 2012ರಲ್ಲಿ ಅವರು ಸಾಕು ಅಂತ ತಡೆದಾಗ ಬೆಂಗಳೂರಿನ ಬೀದಿ ಬೀದೀಲಿ ಕಸ ರಾಶಿ ಬಿತ್ತು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡೋದು ಕಡ್ಡಾಯ ಆಗಿದ್ದು ಆಗಲೇ. ಅಜ್ಜಿಯ ತಿಪ್ಪೆಯನ್ನ ನಾವು ಕಳಕೊಂಡು, ನಮ್ಮ ತಿಪ್ಪೆಯನ್ನ ಪಕ್ಕದೂರಿನವರ ಮನೆ ಮುಂದೆ ಹಾಕಿದ್ವಿ ಅಂತಾನೇ ಅರ್ಥ.

ಆ ಹೊತ್ತಿಗೆ ಜಿಕೆವಿಕೆಯಲ್ಲಿದ್ದ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಪಾಠ ಹೇಳ್ಕೊಡ್ತಾ ಇದ್ರು. 2011ರಲ್ಲಿ 'ಊಟ ಫ್ರಮ್ ಯುವರ್ ತೋಟ' ಅನ್ನೋ ಸಂತೆ ಶುರುವಾಯ್ತು. ಬೀಜ, ಗೊಬ್ಬರ, ಕುಂಡ, ಮಾತುಕತೆ ಎಲ್ಲ ಒಂದೇ ಕಡೆ. ಒಂದು ಘನ ಅಡಿ ಒದ್ದೆ ಮಣ್ಣು ಹತ್ತಿರ ಹತ್ತಿರ 50 ಕೆಜಿ ತೂಗುತ್ತೆ, ತಾರಸಿ ತಡೀಬೇಕಲ್ಲ. ಅದಕ್ಕೇ ಮಣ್ಣು ಕಮ್ಮಿ, ತೆಂಗಿನ ನಾರಿನ ಪುಡಿ ಮತ್ತು ಮನೆ ಗೊಬ್ಬರ ಜಾಸ್ತಿ ಅನ್ನೋ ಪದ್ಧತಿ ನಿಂತಿತು. 2020ರ ಲಾಕ್‌ಡೌನಲ್ಲಿ ಸೊಪ್ಪಿನ ಗಾಡಿ ಬರದೇ ಇದ್ದಾಗ ಒಂದು ಬಕೆಟ್ ಮೆಂತ್ಯದ ಬೆಲೆ ಏನು ಅಂತ ಎಲ್ಲರಿಗೂ ತಿಳೀತು.

ನಿಜ ಹೇಳ್ಬೇಕಂದ್ರೆ, ಹತ್ತು ಕುಂಡದಿಂದ ಸಂಸಾರ ತೂಗಲ್ಲ. ಈರುಳ್ಳಿ, ಆಲೂಗಡ್ಡೆ ಸಂತೆಯಿಂದಲೇ ಬರಬೇಕು. ಆದ್ರೆ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವು ಬರುತ್ತೆ. ಅಡುಗೆಮನೆ ಸಿಪ್ಪೆ ಮನೇಲೇ ಗೊಬ್ಬರ ಆಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಪುಸ್ತಕದಲ್ಲೂ ಬರೆದಿಡದ ಹೆಂಗಸರ ಬೀಜದ ವಿದ್ಯೆ ನಮ್ಮ ಕೈಯಲ್ಲೇ ಉಳಿಯುತ್ತೆ. ಹೊಲ ಮತ್ತೆ ಬರಲ್ಲ, ಬೀಜ ಉಳಿಸ್ಕೋಬಹುದು.

ಅದಕ್ಕೇ ಈ ಸಲ ಹೀರೆ ಹಾಕಿದೋರು ಒಂದು ಕಾಯನ್ನ ಬಳ್ಳೀಲೇ ಬಿಡಿ. ಮನೇಲಿ ಹಿರಿಯರಿದ್ರೆ ಅಣ್ಣೆ ಸೊಪ್ಪು ಯಾವುದು ಅಂತ ಮಕ್ಕಳಿಗೆ ತೋರಿಸೋಕೆ ಹೇಳಿ. ಬೀಜ ಒಣಗಿದ ಮೇಲೆ ಒಂದು ಹಿಡಿ ಪಕ್ಕದ ಮನೆಗೂ ಕೊಡಿ.