ಹಿಡಿದು ಜಾರುವ ಶಿಲೆಗಳು: ಭೂಕಂಪ ಮತ್ತು ಘರ್ಷಣೆ

ಮೇಜಿನ ಮೇಲೆ ಇಟ್ಟಿಗೆಯೊಂದನ್ನಿಟ್ಟು, ಅದಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಒಂದೇ ಸಮನೆ ನಿಧಾನವಾಗಿ ಎಳೆಯಿರಿ. ಕೈಯ ವೇಗ ಬದಲಾಗದಿದ್ದರೂ ಇಟ್ಟಿಗೆ ಸಮವೇಗದಲ್ಲಿ ಚಲಿಸುವುದಿಲ್ಲ. ಮೊದಲು ಅದು ಕದಲದೆ ನಿಂತಿರುತ್ತದೆ, ರಬ್ಬರ್ ಹಿಗ್ಗುತ್ತದೆ. ಬಳಿಕ ಇಟ್ಟಿಗೆ ಥಟ್ಟನೆ ಜಾರಿ ಮತ್ತೆ ನಿಲ್ಲುತ್ತದೆ. ಬಹುಪಾಲು ಭೂಕಂಪಗಳೂ ಇಂಥದೇ ವಿದ್ಯಮಾನ ಎಂಬುದು ಸ್ಪಷ್ಟವಾಗಲು 1966ರವರೆಗೆ ಕಾಯಬೇಕಾಯಿತು.

ಘರ್ಷಣೆಯ ನಿಯಮಗಳು ಹಳೆಯವು. ಘರ್ಷಣೆಯು ಲಂಬಬಲಕ್ಕೆ ಅನುಪಾತದಲ್ಲಿರುತ್ತದೆ, ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಫ್ರಾನ್ಸಿನ ಅಮೊಂಟೊ 1699ರಲ್ಲಿ ಸಾರಿದ. 1785ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೂಲಂಬ್ ಇನ್ನೆರಡು ಸಂಗತಿಗಳನ್ನು ಹೇಳಿದ. ಜಾರುವಾಗಿನ ಘರ್ಷಣೆ ವೇಗವನ್ನು ಹೆಚ್ಚಾಗಿ ಅವಲಂಬಿಸುವುದಿಲ್ಲ. ನಿಂತ ವಸ್ತುಗಳ ನಡುವಿನ ಘರ್ಷಣೆ ಅವು ನಿಂತ ಕಾಲದೊಂದಿಗೆ ಹೆಚ್ಚುತ್ತದೆ. ನಮ್ಮ ಪಠ್ಯಪುಸ್ತಕಗಳು ಮೊದಲನೆಯದನ್ನು ಉಳಿಸಿಕೊಂಡವು, ಎರಡನೆಯದನ್ನು ಕೈಬಿಟ್ಟವು. ಭೂಕಂಪದ ಕೀಲಿಕೈ ಇದ್ದದ್ದು ಈ ಎರಡನೆಯದರಲ್ಲಿ!

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಭೂಕಂಪಕ್ಕೆ ತುತ್ತಾಯಿತು. ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಸುಮಾರು 470 ಕಿ.ಮೀ. ಉದ್ದಕ್ಕೂ ನೆಲ ಜಾರಿತ್ತು. ಕೆಲವೆಡೆ ರಸ್ತೆ, ಬೇಲಿಗಳು ಸುಮಾರು 6 ಮೀಟರ್ ಪಕ್ಕಕ್ಕೆ ಸರಿದಿದ್ದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ಪ್ರಾಧ್ಯಾಪಕರು ಭೂಕಂಪಕ್ಕೆ ಹಿಂದಿನ ಹಾಗೂ ನಂತರದ ಭೂಮಾಪನಗಳನ್ನು ಹೋಲಿಸಿದರು. ಸ್ತರಭಂಗದ ಇಬ್ಬದಿಯ ಶಿಲೆಗಳು ದಶಕಗಳಿಂದ ಬಾಗುತ್ತ ಬಂದಿದ್ದು, ಒಮ್ಮೆಲೇ ಜಾರಿ ನೆಟ್ಟಗಾದವು ಎಂಬ ಸ್ಥಿತಿಸ್ಥಾಪಕ ಪುಟಿತದ ಸಿದ್ಧಾಂತವನ್ನು 1910ರಲ್ಲಿ ಮಂಡಿಸಿದರು. ಅಂದರೆ ರಬ್ಬರ್ ಬ್ಯಾಂಡ್ ಸಿಕ್ಕಿತು. ಆದರೆ ಇಟ್ಟಿಗೆಯನ್ನು ಹಿಡಿದಿಟ್ಟಿದ್ದು ಯಾವುದು?

ಗಟ್ಟಿ ಶಿಲೆ ಹೊಸದಾಗಿ ಮುರಿಯುವುದೇ ಕಾರಣವೆಂಬ ನಂಬಿಕೆಯಿತ್ತು. ಲೆಕ್ಕ ಮಾತ್ರ ಹೊಂದುತ್ತಿರಲಿಲ್ಲ. ಆಳದ ಶಿಲೆಯನ್ನು ಮುರಿಯಲು ನೂರಾರು ಮೆಗಾಪ್ಯಾಸ್ಕಲ್ ಪ್ರತಿಬಲ ಬೇಕು; ಭೂಕಂಪದಲ್ಲಿ ಇಳಿಯುವ ಪ್ರತಿಬಲವಾದರೋ ಸಾಮಾನ್ಯವಾಗಿ ಕೆಲವೇ ಮೆಗಾಪ್ಯಾಸ್ಕಲ್. 1966ರಲ್ಲಿ ಅಮೆರಿಕದ ಬ್ರೇಸ್ ಮತ್ತು ಬೈಯರ್ಲೀ ಇದಕ್ಕೆ ಉತ್ತರ ಸೂಚಿಸಿದರು. ಅಧಿಕ ಒತ್ತಡದಲ್ಲಿ ಮೊದಲೇ ಮುರಿದ ಗ್ರಾನೈಟ್ ಹಿಡಿದು-ಜಾರಿ, ಹಿಡಿದು-ಜಾರಿ ಚಲಿಸುವುದನ್ನೂ, ಪ್ರತಿ ಜಾರಿಕೆಯಲ್ಲಿ ಪ್ರತಿಬಲದ ಒಂದಂಶ ಮಾತ್ರ ಇಳಿಯುವುದನ್ನೂ ಅವರು ತೋರಿಸಿದರು. 1978ರಲ್ಲಿ ಬೈಯರ್ಲೀ, ಕೆಲವು ಜೇಡಿಗಳನ್ನು ಬಿಟ್ಟರೆ ಬಹುತೇಕ ಶಿಲೆಗಳ ಘರ್ಷಣಾಂಕ 0.6ರಿಂದ 0.85ರ ಆಸುಪಾಸಿನಲ್ಲಿರುತ್ತದೆ ಎಂದು ಸಾರಿದರು.

ಜಾರಿದ ಸ್ತರಭಂಗ ಮತ್ತೆ ಹಿಡಿದುಕೊಳ್ಳುವುದು ಹೇಗೆ? 1970ರ ದಶಕದಲ್ಲಿ ಜೇಮ್ಸ್ ಡೀಟರಿಕ್ ಕೂಲಂಬ್‌ನ ಮರೆತ ಮಾತನ್ನು ಶಿಲೆಗಳಲ್ಲಿ ಪರೀಕ್ಷಿಸಿದರು. ಸ್ಥಿರ ಘರ್ಷಣೆ ಕಾಲದ ಲಾಗರಿದಮ್‌ನಂತೆ ಏರುತ್ತದೆ ಎಂದು ಕಂಡುಬಂದಿತು. ಒರಟು ಮೇಲ್ಮೈಗಳು ತುದಿಗಳಲ್ಲಷ್ಟೇ ಮುಟ್ಟಿಕೊಂಡಿರುತ್ತವೆ; ಭಾರಕ್ಕೆ ಈ ತುದಿಗಳು ಮೆಲ್ಲಗೆ ಚಪ್ಪಟೆಯಾಗಿ ನಿಜವಾದ ಸಂಪರ್ಕ ಬೆಳೆಯುತ್ತದೆ. ಜಾರಿಕೆಯ ವೇಗ ಹೆಚ್ಚಿದರೆ ಪ್ರತಿ ಸಂಪರ್ಕದ ಆಯುಷ್ಯ ಕಡಿಮೆಯಾಗಿ ಘರ್ಷಣೆ ಇಳಿಯಬಹುದು. ಇಳಿದರೆ ಜಾರಿಕೆ ತಾನೇ ವೇಗ ಪಡೆದು ಭೂಕಂಪವಾಗಬಲ್ಲದು. ವೇಗದೊಂದಿಗೆ ಘರ್ಷಣೆ ಏರುವ ಕಡೆ ಸ್ತರಭಂಗ ಸದ್ದಿಲ್ಲದೆ ತೆವಳುತ್ತದೆ. ಡೀಟರಿಕ್ 1979ರಲ್ಲಿ, ಆಂಡಿ ರುಯಿನಾ 1983ರಲ್ಲಿ ಇದಕ್ಕೆ ಗಣಿತರೂಪ ಕೊಟ್ಟರು.

ಆದರೂ ಒಂದು ಒಗಟು ಉಳಿದಿತ್ತು. ಉಜ್ಜಿದರೆ ಶಾಖ ಹುಟ್ಟಬೇಕು. ಘರ್ಷಣಾಂಕ 0.6 ಆಗಿದ್ದರೆ ಸ್ಯಾನ್ ಆಂಡ್ರಿಯಾಸ್‌ನ ಗುಂಟ ನೆಲದ ಶಾಖಪ್ರವಾಹ ಹೆಚ್ಚಿರಬೇಕು. 1969ರಿಂದ ಅಳೆದವರಿಗೆ ಆ ಹೆಚ್ಚಳ ಸಿಗಲೇ ಇಲ್ಲ. ಪ್ರಯೋಗಾಲಯದಲ್ಲಿ ಶಿಲೆಗಳನ್ನು ಸೆಕೆಂಡಿಗೆ ಸುಮಾರು 1 ಮೀಟರ್ ವೇಗದಲ್ಲಿ, ಅಂದರೆ ನಿಜ ಭೂಕಂಪದ ವೇಗದಲ್ಲಿ, ಉಜ್ಜಿದಾಗ ಸುಳಿವು ಸಿಕ್ಕಿತು. ಸಂಪರ್ಕ ತುದಿಗಳು ಕಾಯುತ್ತವೆ, ಕೆಲವೊಮ್ಮೆ ಕರಗುತ್ತವೆ. ರಂಧ್ರಗಳ ನೀರು ಕಾದು ಒತ್ತಡ ಹೆಚ್ಚಿಸುತ್ತದೆ. ಘರ್ಷಣೆ ಕುಸಿಯುತ್ತದೆ.

ನಿಸರ್ಗದಲ್ಲಿಯೂ ಹೀಗೆಯೇ? 2011ರ ಮಾರ್ಚ್ 11ರಂದು ಜಪಾನಿನ ತೊಹೊಕು ಭೂಕಂಪದಲ್ಲಿ, ತೆವಳುವುದೆಂದು ನಂಬಿದ್ದ ಸ್ತರಭಂಗದ ಮೇಲ್ಭಾಗವೇ ಸುಮಾರು 50 ಮೀಟರ್ ಜಾರಿತು. ಎದ್ದ ತ್ಸುನಾಮಿ ಹೆಚ್ಚುಕಡಿಮೆ 18,000 ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಚಿಕ್ಯು ಹಡಗು ಸುಮಾರು 6.9 ಕಿ.ಮೀ. ಆಳದ ಕಡಲ ತಳದಲ್ಲಿ ರಂಧ್ರ ಕೊರೆದು ಉಷ್ಣಮಾಪಕಗಳನ್ನಿಳಿಸಿತು. ತಳದಿಂದ ಇನ್ನೂ 820 ಮೀಟರ್ ಕೆಳಗೆ ಸ್ತರಭಂಗವು ಸುತ್ತಲಿನ ಶಿಲೆಗಿಂತ ಕೇವಲ 0.31 ಡಿಗ್ರಿ ಸೆಲ್ಸಿಯಸ್ ಬಿಸಿಯಿತ್ತು.

ಈ ಅಲ್ಪ ಶಾಖದಿಂದ ಘರ್ಷಣಾಂಕ ಪಡೆಯುವ ಲೆಕ್ಕ ನಮ್ಮ ವಿದ್ಯಾರ್ಥಿಗಳಿಗೂ ಎಟಕುವಂಥದು. ಒಂದು ಚದರ ಮೀಟರಿನಲ್ಲಿ ವ್ಯಯವಾದ ಶಕ್ತಿ ಸುಮಾರು 27 ಮೆಗಾಜೂಲ್. ಅದನ್ನು 50 ಮೀಟರಿನಿಂದ ಭಾಗಿಸಿದರೆ ಘರ್ಷಣಾ ಪ್ರತಿಬಲ 0.54 ಮೆಗಾಪ್ಯಾಸ್ಕಲ್. ಲಂಬ ಪ್ರತಿಬಲ ಸುಮಾರು 7 ಮೆಗಾಪ್ಯಾಸ್ಕಲ್. ಹಾಗಾದರೆ ಘರ್ಷಣಾಂಕ? ಸುಮಾರು 0.08! ಜಾರುಬಲ್ಲ ಜೇಡಿ, ಅದರೊಳಗಿನ ನೀರು ಎರಡೂ ಇದಕ್ಕೆ ಕಾರಣವೆನ್ನಲಾಗಿದೆ.

ಕಪ್ಪುಹಲಗೆಯ ಮೇಲೆ ಘರ್ಷಣಾಂಕವನ್ನು ಸ್ಥಿರಾಂಕವೆಂದು ಬರೆಯುವ ನಾವು, ಅಲ್ಲಿಯೇ ಒಂದು ಕ್ಷಣ ನಿಂತು, ಅದು ಕಾಲದೊಂದಿಗೆ ಏರುತ್ತದೆ, ವೇಗದೊಂದಿಗೆ ಕುಸಿಯಲೂಬಹುದು ಎಂದು ಸೇರಿಸಬೇಕು. ಸಾವಿರಾರು ಜೀವಗಳ ಅಳಿವು ಉಳಿವು ಈ ಸಣ್ಣ ತಿದ್ದುಪಡಿಯಲ್ಲಿ ಅಡಗಿದೆ.