ವರ್ಷಕ್ಕೆ ಐದು ಪೌಂಡಿನ ಪ್ಯಾಕೇಜು

ನಮ್ಮೂರ ಕಡೆ ಕಾಫಿ ತೋಟಗಳಲ್ಲಿ ‘ರೈಟ್ರು’ ಅಂತ ಒಬ್ಬರು ಇರ್ತಾರೆ. ಆಳುಗಳ ಹಾಜರಿ ಹಾಕೋದು, ಕುಯ್ದ ಹಣ್ಣಿನ ತೂಕ ಬರೆದುಕೊಳ್ಳೋದು, ವಾರದ ಬಟವಾಡೆ ಲೆಕ್ಕ ಮಾಡೋದು ಅವರ ಕೆಲಸ. ಪೊಲೀಸ್ ಸ್ಟೇಷನ್ನಿನಲ್ಲೂ ಒಬ್ಬ ರೈಟರ್ ಇದ್ದೇ ಇರ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ‘ರೈಟರ್ ಅಂದ್ರೆ ಸಾಹಿತಿ’ ಅಂದಾಗ, ಹಾಗಾದ್ರೆ ಕುವೆಂಪು ಯಾವ ತೋಟದಲ್ಲಿ ರೈಟ್ರಾಗಿದ್ರು ಸಾರ್ ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿಯೇಬಿಟ್ಟಿದ್ದ.

ಅವನದೇನೂ ತಪ್ಪಿಲ್ಲ ಬಿಡಿ. ಗುಮಾಸ್ತ ಅನ್ನೋ ಅರ್ಥದಲ್ಲಿ ಈ ಪದ ನಮ್ಮ ದೇಶಕ್ಕೆ ಬಂದು ಮುನ್ನೂರು ವರ್ಷದ ಮೇಲಾಯ್ತು. ಈಸ್ಟ್ ಇಂಡಿಯಾ ಕಂಪನಿಯ ನೌಕರರಲ್ಲಿ ತೀರಾ ಕೆಳಗಿನ ಮೆಟ್ಟಿಲಿನವನ ಹೆಸರೇ ರೈಟರ್. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಸನ್ನದು ಕೊಟ್ಟು ಹುಟ್ಟಿದ ಕಂಪನಿ ಅದು. ಷೇರುದಾರರು, ಡೈರೆಕ್ಟರುಗಳು, ಲಂಡನ್ನಿನಲ್ಲಿ ಹೆಡ್ಡಾಫೀಸು, ಮದ್ರಾಸು-ಕಲ್ಕತ್ತೆಯಲ್ಲಿ ಬ್ರಾಂಚು, ಮೇಲಿನವರಿಗೆ ಕಳಿಸೋಕೆ ರಾಶಿ ರಾಶಿ ರಿಪೋರ್ಟು. ನಾವು ಕಾರ್ಪೊರೇಟ್ ಅನ್ನೋದೆಲ್ಲ ಅಲ್ಲಿತ್ತು. ಹಾಗಾಗಿ ಕಾರ್ಪೊರೇಟ್ ಫ್ರೆಶರ್ ಅನ್ನೋ ಪ್ರಾಣಿಯ ವಂಶಾವಳಿ ಹುಡುಕಿದ್ರೆ ಈ ರೈಟರ್ ಹತ್ತಿರವೇ ಹೋಗಿ ನಿಲ್ಲಬೇಕು.

ಹದಿನಾರೋ ಹದಿನೇಳೋ ವಯಸ್ಸಿಗೆ ಸೇರ್ತಿದ್ದ ಹುಡುಗರು ಇವರು. ಡೈರೆಕ್ಟರ್ ಒಬ್ಬರ ಶಿಫಾರಸು ಬೇಕು, ಅಕ್ಷರ ದುಂಡಗಿರಬೇಕು, ಲೆಕ್ಕಪತ್ರ ಗೊತ್ತಿರಬೇಕು. ಸೇರುವಾಗ ಕರಾರುಪತ್ರಕ್ಕೆ ಸಹಿ ಹಾಕಿ, ಜಾಮೀನೂ ಕೊಡಬೇಕು. ಆ ಕರಾರಿನಿಂದಲೇ ಅವರಿಗೆ ‘ಕವೆನೆಂಟೆಡ್’ ನೌಕರರು ಅಂತ ಹೆಸರು. ನಮ್ಮ ‘ಬಾಂಡ್’ ಏನೂ ಹೊಸ ಸಂಶೋಧನೆ ಅಲ್ಲ. ಐದು ವರ್ಷ ರೈಟರ್ ಆಗಿದ್ದವನು ಆಮೇಲೆ ಫ್ಯಾಕ್ಟರ್, ಅದಾದ ಮೇಲೆ ಜೂನಿಯರ್ ಮರ್ಚೆಂಟ್, ಸೀನಿಯರ್ ಮರ್ಚೆಂಟ್. ಕೆಲಸ ಚೆನ್ನಾಗಿ ಮಾಡಿದ್ರೂ ಮಾಡದಿದ್ರೂ ಬಡ್ತಿ ಮುಖ್ಯವಾಗಿ ಸರ್ವಿಸ್ ನೋಡಿಯೇ.

ಸಂಬಳ? 1744ರಲ್ಲಿ ಮದ್ರಾಸಿಗೆ ಬಂದಿಳಿದ ರಾಬರ್ಟ್ ಕ್ಲೈವ್‌ನ ಸಂಬಳ ವರ್ಷಕ್ಕೆ 5 ಪೌಂಡ್. ತಿಂಗಳಿಗಲ್ಲ, ವರ್ಷಕ್ಕೆ. ಊಟ ವಸತಿಯ ಭತ್ಯೆ ಬೇರೆ. ಹಡಗು ದಾರಿ ತಪ್ಪಿ ಬ್ರೆಜಿಲ್‌ನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಬರುವಷ್ಟರಲ್ಲಿ ಕೈಯಲ್ಲಿದ್ದ ಕಾಸು ಖಾಲಿ, ಮೇಲೆ ಸಾಲ. ಯಾರ ಹೆಸರಿಗೆ ಪರಿಚಯದ ಕಾಗದ ತಂದಿದ್ದನೋ ಆ ಮನುಷ್ಯ ಅಷ್ಟರಲ್ಲಿ ಇಂಗ್ಲೆಂಡಿಗೆ ವಾಪಸ್ ಹೋಗಿಯಾಗಿತ್ತು. ಗೋದಾಮಿನಲ್ಲಿ ಬಟ್ಟೆಯ ಲೆಕ್ಕ ಬರೀತಾ ಕೂತ ಹುಡುಗನಿಗೆ ಊರು ಬಿಟ್ಟ ಮೇಲೆ ಒಂದು ದಿನವೂ ನೆಮ್ಮದಿ ಇರಲಿಲ್ಲ ಅನ್ನೋದು ಅವನ ಕಾಗದಗಳಿಂದ ಗೊತ್ತಾಗುತ್ತೆ. ಒಂದೇ ಸಮಾಧಾನ ಅಂದ್ರೆ ಗವರ್ನರ್ ಮನೆಯ ಪುಸ್ತಕದ ಕೋಣೆ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು, ಪಿಜಿಯ ಮೂರನೇ ಮಂಚದ ಮೇಲೆ ಮಲಗಿ ಸೀಲಿಂಗ್ ನೋಡಿದವರಿಗೆ ಆ ಹತ್ತೊಂಬತ್ತು ವರ್ಷದ ಕ್ಲೈವ್ ಅರ್ಥವಾಗ್ತಾನೆ. ಮುಂದಿನ ಕ್ಲೈವ್ ಬೇರೆ ಮನುಷ್ಯ.

ಐದು ಪೌಂಡಿಗೆ ಆರು ತಿಂಗಳು, ವರ್ಷ ಸಮುದ್ರ ದಾಟಿ, ಜ್ವರಕ್ಕೆ ಸಾಯುವ ಊರಿಗೆ ಯಾಕೆ ಬರ್ತಿದ್ರು? ಉತ್ತರ ಸರಳ. ಕಂಪನಿ ಕೊಡ್ತಿದ್ದದ್ದು ಸಂಬಳ ಅಲ್ಲ, ಕುರ್ಚಿ. ಆ ಕುರ್ಚಿಯಲ್ಲಿ ಕೂತವನು ಏಷ್ಯಾದ ಬಂದರುಗಳ ನಡುವೆ ಸ್ವಂತ ವ್ಯಾಪಾರ ಮಾಡಬಹುದಿತ್ತು. ಮದ್ರಾಸಿನಲ್ಲಿ ‘ದುಭಾಷಿ’ಗಳಿದ್ರು, ಎರಡು ಭಾಷೆ ಬಲ್ಲ ದಲ್ಲಾಳಿಗಳು. ಬಂಡವಾಳ, ಸಂಪರ್ಕ, ಬುದ್ಧಿ ಎಲ್ಲ ಅವರದೇ. ಹೆಸರು ಮಾತ್ರ ಬಿಳಿ ಹುಡುಗನದು. 1672ರಲ್ಲಿ ಮದ್ರಾಸಿನಲ್ಲಿ ಗುಮಾಸ್ತನಾಗಿ ಶುರು ಮಾಡಿದ ಎಲಿಹು ಯೇಲ್ 1687ರ ಹೊತ್ತಿಗೆ ಕೋಟೆಯ ಮುಖ್ಯಸ್ಥ. ಸ್ವಂತ ವ್ಯಾಪಾರದ ಆರೋಪದಲ್ಲಿ 1692ರಲ್ಲಿ ಕಂಪನಿ ಅವನನ್ನ ಇಳಿಸಿತು. ಅಷ್ಟರಲ್ಲಿ ಮಾಡಿಕೊಂಡಿದ್ದ ಆಸ್ತಿಯಲ್ಲಿ ಒಂದು ಚೂರು ಅಮೆರಿಕದ ಕಾಲೇಜೊಂದಕ್ಕೆ ಹೋಯ್ತು. ಇವತ್ತು ನಮ್ಮ ಮಕ್ಕಳು ಸೀಟಿಗಾಗಿ ಒದ್ದಾಡೋ ಯೇಲ್ ಯೂನಿವರ್ಸಿಟಿ ಅದೇ.

ಕುರ್ಚಿಯ ಬೆಲೆ ಎಷ್ಟು ಅನ್ನೋದು 1757ರಲ್ಲಿ ಪ್ಲಾಸಿಯಲ್ಲಿ ಬಯಲಾಯ್ತು. ಅಷ್ಟರಲ್ಲಿ ಪೆನ್ನು ಬಿಟ್ಟು ಕತ್ತಿ ಹಿಡಿದಿದ್ದ ಕ್ಲೈವ್ ಹೊಸ ನವಾಬನಿಂದ ಪಡೆದದ್ದು 2,34,000 ಪೌಂಡ್, ಆಮೇಲೆ ವರ್ಷಕ್ಕೆ 27,000 ಪೌಂಡಿನ ಜಹಗೀರು. ಇದನ್ನ ನೋಡಿದ ಮೇಲೆ ಬಂಗಾಳದ ಪುಟ್ಟ ಪುಟ್ಟ ರೈಟರುಗಳು ಸುಮ್ಮನೆ ಕೂರ್ತಾರಾ? ಕಂಪನಿಯ ಸರಕಿಗೆ ಸುಂಕ ಇಲ್ಲ ಅನ್ನೋ ‘ದಸ್ತಕ್’ ಚೀಟಿ ಹಿಡ್ಕೊಂಡು ಉಪ್ಪು, ಹೊಗೆಸೊಪ್ಪು, ಅಡಿಕೆ ಎಲ್ಲದರಲ್ಲೂ ಕೈ ಹಾಕಿದ್ರು. ಸುಂಕ ಕಟ್ಟೋ ಸ್ಥಳೀಯ ವ್ಯಾಪಾರಿ ಮುಳುಗಿದ. ಕಡೆಗೆ ನವಾಬ ಮೀರ್ ಕಾಸಿಂ 1763ರಲ್ಲಿ, ಹಾಗಾದ್ರೆ ಯಾರಿಗೂ ಸುಂಕ ಬೇಡ ಅಂತ ಎಲ್ಲರ ಸುಂಕವನ್ನೂ ತೆಗೆದುಬಿಟ್ಟ. ಸಮಾನ ಸ್ಪರ್ಧೆ! ಅದನ್ನ ಸಹಿಸಲಾಗದೆ ಯುದ್ಧವೇ ಆಯ್ತು. ಫ್ರೆಶರುಗಳ ಸೈಡ್ ಬಿಸಿನೆಸ್ ಉಳಿಸೋಕೆ ಒಂದು ಪ್ರಾಂತ್ಯದ ಮೇಲೆ ಯುದ್ಧ ನಡೀತು ಅಂದ್ರೆ ಅತಿಶಯೋಕ್ತಿ ಏನಲ್ಲ. 1764ರ ಬಕ್ಸರ್ ಕದನ, ಮರುವರ್ಷ ದಿವಾನಿ, 1770ರ ಬಂಗಾಳದ ಕ್ಷಾಮ. ಕಡಿಮೆ ಸಂಬಳದ ಹುದ್ದೆಗೆ ಬೇರೆ ಯಾರೋ ಕಟ್ಟಿದ ಬಾಕಿ ಹಣ ಅದು.

ಇದನ್ನೆಲ್ಲ ಯಾಕೆ ಓದಿದೆ ಅಂದ್ರೆ, ಈ ವರ್ಷ ಚಿಕ್ಕಪ್ಪನ ಮಗನಿಗೆ ಕ್ಯಾಂಪಸ್‌ನಲ್ಲಿ ಕೆಲಸ ಆಯ್ತು. ವರ್ಷಕ್ಕೆ 3.6 ಲಕ್ಷ, ಎರಡು ವರ್ಷದ ಬಾಂಡು. ‘ಅಣ್ಣ, ಸೇರ್ಲಾ? ನೀನು ಸೇರಿದಾಗ ಎಷ್ಟಿತ್ತು?’ ಅಂತ ಕೇಳಿದ. 2011ರಲ್ಲಿ ನನ್ನದು 3.25 ಲಕ್ಷ. ಅಂದ್ರೆ ಈ ಇಷ್ಟು ವರ್ಷದಲ್ಲಿ ಪಿಜಿ ಬಾಡಿಗೆ, ಮಸಾಲೆದೋಸೆ ಎಲ್ಲದರ ರೇಟೂ ದುಪ್ಪಟ್ಟು ದಾಟಿದೆ, ಫ್ರೆಶರ್ ರೇಟು ಮಾತ್ರ ಅಲ್ಲೇ ಕೂತಿದೆ. ತೋಟದಲ್ಲಿ ಆಳಿನ ಕೂಲಿಯೇ ಇದಕ್ಕಿಂತ ಜೋರಾಗಿ ಏರಿದೆ ಅಂತ ಚಿಕ್ಕಪ್ಪ ಗೊಣಗ್ತಾರೆ. ಅವರ ಗೊಣಗಾಟಕ್ಕೆ ಬೇರೆ ಕಾರಣವೂ ಇದೆ, ಇರಲಿ.

ಇವತ್ತಿನ ಕುರ್ಚಿಯಲ್ಲಿ ಲೂಟಿ ಇಲ್ಲ, ಪುಣ್ಯ. ಆದ್ರೆ ಲೆಕ್ಕಾಚಾರ ಹಳೇದೇ. ಹತ್ತು ಸೀಟಿಗೆ ಸಾವಿರ ಜನ ನಿಂತಿರುವಾಗ, ಕುರ್ಚಿಗೇ ಬೆಲೆ ಇದೆ ಅಂತ ಗೊತ್ತಿರುವ ಕಂಪನಿ ಸಂಬಳ ಯಾಕೆ ಏರಿಸುತ್ತೆ? ಆ ಕಾಲದಲ್ಲಂತೂ ರೈಟರ್ ಹುದ್ದೆಯನ್ನ ಕಾಸಿಗೆ ಮಾರಿಕೊಳ್ಳೋ ದಂಧೆಯೇ ಇತ್ತು. 1809ರಲ್ಲಿ ಪಾರ್ಲಿಮೆಂಟ್ ಕಮಿಟಿ ಅದರ ವಿಚಾರಣೆ ಮಾಡಬೇಕಾಯ್ತು. ಹಾಗಾಗಿ ನಾನು ತಮ್ಮನಿಗೆ ಹೇಳಿದ್ದು: ಸೇರು. ಆದ್ರೆ 3.6ನ್ನ ಸಂಬಳ ಅಂತ ಓದಬೇಡ, ಸ್ಟೈಪೆಂಡ್ ಅಂತ ಓದು. ಸಂಬಳ ಬಿಟ್ಟು ಈ ಕುರ್ಚಿ ನಿನಗೇನು ಕೊಡುತ್ತೆ, ಅದನ್ನ ಎಷ್ಟು ತಿಂಗಳಲ್ಲಿ ಎಳ್ಕೊಳ್ತೀಯ, ಅದನ್ನ ಮೊದಲು ಬರೆದಿಡು. ನನಗೆ ಮೊದಲ ಹದಿನಾಲ್ಕು ತಿಂಗಳು ಸಿಕ್ಕಿದ್ದು ರಾತ್ರಿ ಪಾಳಿಯ ಸಪೋರ್ಟ್ ಕೆಲಸ. ಟಿಕೆಟ್ ನಂಬರುಗಳನ್ನ ಎಕ್ಸೆಲ್‌ಗೆ ಏರಿಸೋದು. ಶುದ್ಧ ರೈಟರ್ ಕೆಲಸ. ಆದ್ರೆ ಪಕ್ಕದ ಡೆಸ್ಕಿನ ಮೇಡಂ ಒಬ್ಬರು ಬೆಳಗಿನ ಜಾವ ಮೂರು ಗಂಟೆಗೆ ಡೇಟಾಬೇಸ್ ಹೇಗೆ ಮಲಗುತ್ತೆ, ಹೇಗೆ ಎಬ್ಬಿಸಬೇಕು ಅಂತ ಹೇಳಿಕೊಟ್ಟರು. ಆ ವಿದ್ಯೆ ಯಾವ ಪ್ಯಾಕೇಜಿನಲ್ಲೂ ಬರೆದಿರಲಿಲ್ಲ.

ಕಂಪನಿಯೂ ನಿಧಾನಕ್ಕೆ ಬುದ್ಧಿ ಕಲಿತಿತ್ತು. ಕಾರ್ನ್‌ವಾಲಿಸ್ ಬಂದ ಮೇಲೆ ಆಡಳಿತದವರ ಸಂಬಳ ಏರಿತು, ಅವರ ಸ್ವಂತ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಅದೇ ಏಟಿಗೆ ದೊಡ್ಡ ಹುದ್ದೆಗಳಿಂದ ಭಾರತೀಯರನ್ನ ಹೊರಗಿಟ್ಟದ್ದೂ ಆಯ್ತು. 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಐಸಿಎಸ್ ಸೇರುವವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ಆಮೇಲೆ ಟ್ರೇನಿಂಗ್ ಕ್ಯಾಂಪಸ್‌ಗಳ ಕಾಲ. 1800ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, 1806ರಲ್ಲಿ ಇಂಗ್ಲೆಂಡಿನಲ್ಲಿ ಹೇಲಿಬರಿ ಅಂತ ಹೆಸರಾದ ಕಾಲೇಜು. ಜನಸಂಖ್ಯೆಯ ಮಾಲ್ತಸ್ ಅಲ್ಲಿ ಮೇಷ್ಟ್ರು. 1812ರಲ್ಲಿ ಮದ್ರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು. ಇಲ್ಲಿ ಹೊಸ ಹುಡುಗರಿಗೆ ತಮಿಳು, ತೆಲುಗು, ಕನ್ನಡ ಕಲಿಸ್ತಿದ್ರು. ಹೌದು, ಫ್ರೆಶರ್ ಟ್ರೇನಿಂಗ್‌ನಲ್ಲಿ ಕನ್ನಡ. ನಮ್ಮ ಕಾಲದವರು ಜಾವಾ ಕಲಿತ ಹಾಗೆ.

ಆ ಕಲಿಕೆಯನ್ನ ನಾನು ಹಗುರವಾಗಿ ನೋಡಲ್ಲ. 1817ರಲ್ಲಿ ಮದ್ರಾಸಿಗೆ ಬಂದ ಸಿ. ಪಿ. ಬ್ರೌನ್ ಅನ್ನೋ ಹುಡುಗ ಕೆಲಸಕ್ಕೆ ಬೇಕು ಅಂತ ಆ ಕಾಲೇಜಿನಲ್ಲಿ ತೆಲುಗು ಕಲಿತ. ಆಮೇಲೆ ಕಡಪದ ಕಡೆ ಹೋದವನು ವೇಮನನ ಪದ್ಯ ಹುಡುಕಿಸಿ ಅಚ್ಚು ಹಾಕಿಸಿದ, ತೆಲುಗು ನಿಘಂಟು ಮಾಡಿದ. ಮದ್ರಾಸ್ ಸರ್ಕಾರದ ಕನ್ನಡ ಭಾಷಾಂತರಕಾರನಾಗಿದ್ದ ಜಾನ್ ಮೆಕೆರೆಲ್ 1820ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ. ಕಂದಾಯ ವಸೂಲಿಗೆ ಅಂತ ಕಂಪನಿ ಕಲಿಸಿದ ಭಾಷೆ ಅದು. ಕಲಿತವನು ಅದನ್ನ ಎಲ್ಲಿಗೆ ಬೇಕಾದ್ರೂ ಒಯ್ಯಬಹುದಿತ್ತು, ಬಾಂಡು ಅದಕ್ಕೆ ಅಡ್ಡ ಬರಲಿಲ್ಲ.

ಎಲ್ಲರೂ ಬ್ರೌನ್ ಆಗಲಿಲ್ಲ ಅನ್ನಿ. ಕಲ್ಕತ್ತೆಯಲ್ಲಿ ಈ ಹುಡುಗರಿಗೆ ಅಂತಲೇ 1777ರಲ್ಲಿ ಕಟ್ಟಲು ಶುರು ಮಾಡಿದ ರೈಟರ್ಸ್ ಬಿಲ್ಡಿಂಗ್ ಈಗಲೂ ಇದೆ. ಅಲ್ಲಿ ಇಳಿದ ಹುಡುಗರು ಕುದುರೆ, ಮದ್ಯ, ಆಳುಕಾಳು ಅಂತ ಸಾಲದ ಮೇಲೆ ಸಾಲ ಮಾಡ್ತಿದ್ರು. ಮುಂದೆ ದೊಡ್ಡ ಸಾಹೇಬ ಆಗೋ ಹುಡುಗ ಅಂತ ಸಾಲ ಕೊಡೋರೂ ಸಾಲಾಗಿ ನಿಲ್ತಿದ್ರು. ಆಫರ್ ಲೆಟರ್ ನೋಡಿದ ತಕ್ಷಣ ಕ್ರೆಡಿಟ್ ಕಾರ್ಡಿನವರು ಫೋನ್ ಮಾಡ್ತಾರಲ್ಲ, ಅದೇ ಕಥೆ. ತಮ್ಮನಿಗೆ ನಾನು ಹಾಕಿದ ಒಂದೇ ಷರತ್ತು, ಮೊದಲ ವರ್ಷ ಇಎಂಐ ಯಾವುದೂ ಬೇಡ, ಬೈಕಿನದ್ದೂ ಬೇಡ. ಬಾಂಡಿಗಿಂತ ಇಎಂಐ ಗಟ್ಟಿ ಹಗ್ಗ. ಅವನಿಗೆ ಇದು ಹಿಡಿಸಿಲ್ಲ.

ಇನ್ನೊಂದು ಬಗೆಯ ಹಗ್ಗವೂ ಇದೆ. ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1792ರಲ್ಲಿ, ಹದಿನೇಳನೇ ವಯಸ್ಸಿಗೆ, ಕಂಪನಿಯ ಲಂಡನ್ ಹೆಡ್ಡಾಫೀಸಿನ ಲೆಕ್ಕಪತ್ರ ವಿಭಾಗಕ್ಕೆ ಸೇರಿದ. ಮೊದಲ ಮೂರು ವರ್ಷ ಸಂಬಳವೇ ಇಲ್ಲ, ಒಂದಿಷ್ಟು ಇನಾಮು ಅಷ್ಟೇ. ಮನೆಯಲ್ಲಿ ಕಾಯಿಲೆಯ ಅಕ್ಕ. ಅವಳ ಖರ್ಚು, ಸಂಸಾರ ಎಲ್ಲ ನಡೆದದ್ದು ಇದೇ ಕೆಲಸದಿಂದ. ಬರವಣಿಗೆ ಸಂಜೆಗೆ, ರಜಕ್ಕೆ. ತನ್ನ ನಿಜವಾದ ಕೃತಿಗಳೆಲ್ಲ ಆ ಆಫೀಸಿನ ಕಪಾಟಿನಲ್ಲಿ ಲೆಕ್ಕದ ಪುಸ್ತಕಗಳಾಗಿ ಕೂತಿವೆ ಅಂತ ತಮಾಷೆ ಮಾಡಿಕೊಳ್ತಿದ್ದ. ಬಿಡಬೇಕು ಬಿಡಬೇಕು ಅಂತಲೇ ಮೂವತ್ಮೂರು ವರ್ಷ ಕಳೆದ. 1825ರಲ್ಲಿ ಕಂಪನಿ ವರ್ಷಕ್ಕೆ 441 ಪೌಂಡ್ ಪಿಂಚಣಿ ಕೊಟ್ಟು ಕಳಿಸ್ತು. ಧಾರಾಳವಾದ ಪಿಂಚಣಿಯೇ. ಆ ಬಿಡುಗಡೆಯ ಬಗ್ಗೆ, ಆಫೀಸಿನ ಹೆಸರು ಮರೆಸಿ, ಅವನೊಂದು ಪ್ರಬಂಧ ಬರೆದ. ಅದರಲ್ಲಿ ನಿವೃತ್ತನಾದ ಗುಮಾಸ್ತ ಕೆಲವು ದಿನ ಬಿಟ್ಟು ಹಳೇ ಗೆಳೆಯರನ್ನ ನೋಡೋಕೆ ಆಫೀಸಿಗೆ ಹೋಗ್ತಾನೆ. ಅವನ ಮೇಜಿನಲ್ಲಿ ಬೇರೆಯವನು ಕೂತಿರ್ತಾನೆ, ಟೋಪಿ ಹಾಕುತ್ತಿದ್ದ ಗೂಟವನ್ನೂ ಆಗಲೇ ಇನ್ನೊಬ್ಬನಿಗೆ ಕೊಟ್ಟಿರ್ತಾರೆ.